ಮುಚ್ಚಳ ಮುಚ್ಚಿದರೆ ಹ್ಯಾಂಗ್ ಆಗುತ್ತಿದ್ದ ಲ್ಯಾಪ್‌ಟಾಪ್

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನನಗೆ ಸಂಜೆ ಯಶವಂತಪುರದಲ್ಲಿ ಸೀಟು ಸಿಕ್ಕರೆ ಕ್ಯಾತ್ಸಂದ್ರ ಬರುವವರೆಗಿನ ಹೊತ್ತು ಕೆಲಸಕ್ಕೆ ಒದಗುತ್ತದೆ. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿ, ಮನೆಯಲ್ಲಿ ತೆರೆದು ಬಿಟ್ಟಲ್ಲಿಂದಲೇ ಮುಂದುವರಿಸುವುದು ನನ್ನ ರೂಢಿ. ಕಳೆದ ಮಳೆಗಾಲದಲ್ಲಿ ಈ ರೂಢಿಗೆ ಕುತ್ತು ಬಂತು. ಮನೆಯಲ್ಲಿ ಚೀಲ ತೆರೆದರೆ ಯಂತ್ರ ದೋಸೆ ಹೆಂಚಿನಂತೆ ಕಾದಿರುತ್ತಿತ್ತು. ಫ್ಯಾನ್ ಓಡುತ್ತಲೇ ಇರುತ್ತಿತ್ತು, ಪರದೆ ಮಾತ್ರ ಕಪ್ಪು. ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದೊಂದೇ ದಾರಿಯಾಗಿತ್ತು, ಉಳಿಸದ ಕೆಲಸವೆಲ್ಲ ಅದರೊಂದಿಗೆ ಹೋಗುತ್ತಿತ್ತು.

ಪರಿಚಯದ ದುರಸ್ತಿ ಅಂಗಡಿಯವರು ನೋಡಿ, "ಬೋರ್ಡ್ ಹೋಗಿದೆ ಸಾರ್, ಬದಲಾಯಿಸಿಬಿಡಿ" ಎಂದರು. ಹಗಲೆಲ್ಲ ಸರಿಯಾಗಿ ನಡೆದು, ನಿದ್ರೆಗೆ ಜಾರುವಾಗ ಮಾತ್ರ ನಿಂತುಹೋಗುವ ಯಂತ್ರದ ಮುಖ್ಯ ಸರ್ಕಿಟ್ ಬೋರ್ಡ್ ಕೆಟ್ಟಿದೆ ಎಂಬುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಒಂದು ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ರ‍್ಯಾಮ್‌ನಲ್ಲಿ ಒಂದು ದೋಷವೂ ಕಾಣಲಿಲ್ಲ.

ನನ್ನದು ಲಿನಕ್ಸ್ ಯಂತ್ರವಾದ್ದರಿಂದ ಮೊದಲು ಹಿಂದಿನ ಬೂಟ್‌ನ ಲಾಗ್, ಅಂದರೆ ಹಿಂದಿನ ಸಲ ಯಂತ್ರ ಹೊತ್ತಿಕೊಂಡಾಗ ನಡೆದದ್ದರ ದಾಖಲೆ, ತೆಗೆದು ನೋಡಿದೆ. ಕೊನೆಯ ಸಾಲು ಪ್ರತಿಸಲವೂ ಸಸ್ಪೆಂಡ್ (ನಿದ್ರೆಗೆ ಜಾರುವ ಕ್ರಮ) ಆರಂಭವಾಯಿತು ಎಂಬುದೇ, ಅದರ ಮುಂದೆ ಏನೂ ಇಲ್ಲ. ಇದರಿಂದ ನಾನು ನಿರಾಶನಾದದ್ದು ತಪ್ಪು. ಸಸ್ಪೆಂಡ್‌ನ ಮೊದಲ ಹಂತದಲ್ಲೇ ಲಿನಕ್ಸ್‌ನ ತಿರುಳಾದ ಕರ್ನಲ್ ಎಲ್ಲ ಪ್ರೋಗ್ರಾಂಗಳನ್ನು ಸ್ತಬ್ಧಗೊಳಿಸುತ್ತದೆ, ಲಾಗ್ ಬರೆಯುವ ಪ್ರೋಗ್ರಾಂ ಕೂಡ ಆಗಲೇ ಸ್ತಬ್ಧವಾಗುತ್ತದೆ. ಲೆಕ್ಕ ಬರೆಯುವವನೇ ಮಲಗಿದ ಮೇಲೆ ನಡೆದದ್ದು ಪುಸ್ತಕಕ್ಕೆ ಏರುವುದಾದರೂ ಹೇಗೆ? ವಿಂಡೋಸ್ ಯಂತ್ರಗಳಲ್ಲಿ ಇಂಥ ಹೊತ್ತಿನಲ್ಲಿ ಕಾಣುವ ಕರ್ನಲ್-ಪವರ್ 41 ಎಂಬ ದಾಖಲೆಯೂ ಯಂತ್ರ ಸರಿಯಾಗಿ ಆರದೆ ಮತ್ತೆ ಹೊತ್ತಿಕೊಂಡಿತು ಎಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ.

ಪ್ರೋಗ್ರಾಂಗಳ ನಂತರ ಡ್ರೈವರ್‌ಗಳು (ಒಂದೊಂದು ಸಾಧನವನ್ನು ನಡೆಸುವ ತಂತ್ರಾಂಶಗಳು) ತಂತಮ್ಮ ಸಾಧನಗಳನ್ನು ಮಲಗಿಸುತ್ತವೆ; ಆಮೇಲೆ ಯಂತ್ರದ ಚಿಪ್‌ನಲ್ಲೇ ಅಡಕವಾದ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಸಿದ್ಧವಾಗುತ್ತದೆ, ಒಂದನ್ನು ಬಿಟ್ಟು ಉಳಿದ ಸಿಪಿಯುಗಳು ಆರುತ್ತವೆ, ಕೊನೆಗೆ ಯಂತ್ರ ಫರ್ಮ್‌ವೇರ್‌ನ ವಶವಾಗುತ್ತದೆ. ಇದು 'ಡೀಪ್' ಎಂಬ ಬಗೆ. 'ಎಸ್2ಐಡಲ್' ಎಂಬ ಇನ್ನೊಂದು ಬಗೆಯಲ್ಲಿ ಯಂತ್ರವನ್ನು ಹೀಗೆ ಫರ್ಮ್‌ವೇರ್‌ಗೆ ಒಪ್ಪಿಸುವುದಿಲ್ಲ. ಅದಕ್ಕೆ ಬದಲಾಯಿಸಿ ನೋಡಿದೆ, ಆಗಲೂ ಹ್ಯಾಂಗ್ ಆಯಿತು. ಎರಡೂ ಬಗೆಗಳಿಗೆ ಸಾಮಾನ್ಯವಾದ ಮೊದಲ ಹಂತಗಳಲ್ಲೇ ತೊಂದರೆಯಿರಬೇಕೆಂದು ಆಗ ಅನ್ನಿಸಿತು.

ಇದನ್ನು ಖಚಿತಪಡಿಸಿಕೊಳ್ಳಲು ಕರ್ನಲ್‌ನಲ್ಲೇ 'ಪಿಎಂ ಟೆಸ್ಟ್' ಎಂಬ ಸೌಲಭ್ಯವಿದೆ. ನಾವು ಹೇಳಿದ ಹಂತದವರೆಗೆ ಮಾತ್ರ ಮಲಗುವ ಕ್ರಮವನ್ನು ನಡೆಸಿ, 5 ಸೆಕೆಂಡು ನಿಂತು, ಯಂತ್ರ ತಾನಾಗಿ ಹಿಂದಿರುಗುತ್ತದೆ. ಪ್ರೋಗ್ರಾಂಗಳನ್ನು ಸ್ತಬ್ಧಗೊಳಿಸುವ 'ಫ್ರೀಜರ್' ಹಂತ ಸಲೀಸಾಗಿ ಮುಗಿಯಿತು. ಸಾಧನಗಳನ್ನು ಮಲಗಿಸುವ 'ಡಿವೈಸಸ್' ಹಂತಕ್ಕೆ ಬಂದಾಗ ಯಂತ್ರ ಮರಳಲಿಲ್ಲ. ಬೋರ್ಡಿನ ಮೇಲಿನ ಆರೋಪ ನನ್ನ ಮಟ್ಟಿಗೆ ಅಲ್ಲಿಗೆ ಸಡಿಲವಾಯಿತು. ಯಾವ ಸಾಧನ ಎಂಬುದಷ್ಟೇ ಉಳಿಯಿತು.

ಅದಕ್ಕೆ ಬಳಸಿದ 'ಪಿಎಂ ಟ್ರೇಸ್' ಎಂಬ ಉಪಾಯವನ್ನು 2006ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅವರೇ ಬರೆದದ್ದು. ಯಂತ್ರ ಸತ್ತು ಮತ್ತೆ ಹೊತ್ತಿಕೊಂಡಾಗಲೂ ನೆನಪು ಉಳಿಸಿಕೊಳ್ಳುವ ಭಾಗ ಗಡಿಯಾರದ ಚಿಪ್ ಒಂದೇ ಎಂದು ಕಂಡುಕೊಂಡ ಅವರು, ಕೊನೆಯದಾಗಿ ಮುಟ್ಟಿದ ಸಾಧನದ ಗುರುತನ್ನು ದಿನಾಂಕ ಮತ್ತು ಸಮಯದ ರೂಪದಲ್ಲಿ ಅಲ್ಲಿ ಅಡಗಿಸುವ ವ್ಯವಸ್ಥೆ ಮಾಡಿದರು. ಹ್ಯಾಂಗ್ ಆದ ಮೂರು ನಿಮಿಷದೊಳಗೆ ಮತ್ತೆ ಬೂಟ್ ಮಾಡಬೇಕು, ತಡವಾದರೆ ಗಡಿಯಾರ ಮುಂದೆ ಸರಿದು ಗುರುತು ಅಳಿಯುತ್ತದೆ. ಈ ಪರೀಕ್ಷೆಯ ಬಳಿಕ ಲ್ಯಾಪ್‌ಟಾಪಿನ ಗಡಿಯಾರ ಯಾವುದೋ ಕಾಲದ ತಾರೀಖು ತೋರಿಸುತ್ತಿತ್ತು, ಬ್ರೌಸರ್ ಒಂದು ಜಾಲತಾಣವನ್ನೂ ತೆರೆಯಲೊಪ್ಪಲಿಲ್ಲ. ಸಮಯ ಸರಿಪಡಿಸಿದ ಮೇಲೆಯೇ ಅದು ದಾರಿಗೆ ಬಂದದ್ದು. ಆದರೆ ಕರ್ನಲ್ ಸಂದೇಶಗಳಲ್ಲಿ ಒಂದು ಹೆಸರು ಸಿಕ್ಕಿತ್ತು: ಎಸ್‌ಡಿ ಕಾರ್ಡ್ ರೀಡರ್. ಕೊಂಡಂದಿನಿಂದ ನಾಲ್ಕು ಸಲವೂ ಬಳಸದ, ನನ್ನ ಅನುಮಾನದ ಪಟ್ಟಿಯಲ್ಲಿ ಇಲ್ಲದೇ ಇದ್ದ ಸಾಧನ.

ಒಂದೇ ಗುರುತಿಗೆ ಹಲವು ಸಾಧನಗಳು ಹೊಂದಿಕೊಳ್ಳುವುದುಂಟು, ಆದ್ದರಿಂದ ಇದನ್ನು ಸಾಕ್ಷ್ಯವೆಂದು ನಾನು ಒಪ್ಪಲಿಲ್ಲ. ರೀಡರ್‌ನ ಡ್ರೈವರನ್ನು ಕರ್ನಲ್‌ನಿಂದ ಇಳಿಸಿ (ಅನ್‌ಲೋಡ್ ಮಾಡಿ), ಯಂತ್ರವನ್ನು ಮಲಗಿಸಿ ಅರ್ಧ ನಿಮಿಷದಲ್ಲಿ ತಾನೇ ಎಬ್ಬಿಸುವ 'ಆರ್‌ಟಿಸಿವೇಕ್' ಆದೇಶವನ್ನು ಐವತ್ತು ಸಲ ಓಡಿಸಿದೆ. ಐವತ್ತು ಸಲವೂ ಎದ್ದಿತು. ಡ್ರೈವರನ್ನು ಮತ್ತೆ ಏರಿಸಿದೆ. ಎರಡನೆಯ ಸಲಕ್ಕೇ ಹ್ಯಾಂಗ್ ಆಯಿತು. ಹೀಗೆ ಎರಡೂ ಕಡೆಯಿಂದ ತಾಳೆ ನೋಡದೆ ಇಂಥ ದೋಷ ಹೋಯಿತೆಂದು ನಂಬಬಾರದು, ಏಕೆಂದರೆ ಅದು ಪ್ರತಿಸಲವೂ ಕಾಣಿಸಿಕೊಳ್ಳುವಂಥದ್ದಲ್ಲ.

ಬೂಟ್ ಆಗುವಾಗ ಆ ಡ್ರೈವರ್ ಏರದಂತೆ ಡ್ರೈವರ್‌ಗಳನ್ನು ಏರಿಸುವ ಮಾಡ್‌ಪ್ರೋಬ್ ಆದೇಶದ ಸಂರಚನೆಯಲ್ಲಿ ಒಂದು ಸಾಲು ಬರೆದು ತಡೆದಿದ್ದೇನೆ. ಕ್ಯಾಮೆರಾದ ಕಾರ್ಡ್‌ನಿಂದ ಚಿತ್ರ ಇಳಿಸಿಕೊಳ್ಳಬೇಕಾದಾಗ ಡ್ರೈವರನ್ನು ಕೈಯಾರೆ ಏರಿಸಿ, ಕೆಲಸ ಮುಗಿದ ಮೇಲೆ ಇಳಿಸುತ್ತೇನೆ. ಕರ್ನಲ್ ನವೀಕರಣ ಬಂದಾಗಲೆಲ್ಲ ಆ ಸಾಲನ್ನು ತೆಗೆದು ಇನ್ನೊಮ್ಮೆ ಐವತ್ತು ಸಲದ ಪರೀಕ್ಷೆ ನಡೆಸುತ್ತೇನೆ. ಈವರೆಗೂ ಆ ಸಾಲನ್ನು ಮತ್ತೆ ಬರೆಯಬೇಕಾಗಿಯೇ ಬಂದಿದೆ.