ದುಬೈಗೆ ಹೊರಟ ಬಳ್ಳಾರಿ ಜೀನ್ಸ್: ಹೊರದೇಶದಲ್ಲಿ ಹೆಸರು ಉಳಿಸಿಕೊಂಡ ನನ್ನ ಅನುಭವ

ನಮ್ಮದು ಬಳ್ಳಾರಿಯಲ್ಲಿ ಒಂದು ಸಣ್ಣ ಜೀನ್ಸ್ ಯೂನಿಟ್. ಹನ್ನೆರಡು ಮಷಿನ್, ಒಂದು ಕಟಿಂಗ್ ಟೇಬಲ್. ವಾಶಿಂಗ್ ಹೊರಗೆ ಕೊಡುತ್ತೇವೆ. ಪ್ರತಿ ಪ್ಯಾಂಟಿನ ಸೊಂಟದ ಹಿಂದೆ ಒಂದು ಲೆದರ್ ಪಟ್ಟಿ ಹಚ್ಚುತ್ತೇವೆ. ಅದರ ಮೇಲೆ ಅಜ್ಜಿಯ ಹೆಸರು, ಪಕ್ಕದಲ್ಲಿ ಬಳ್ಳಾರಿ ಗುಡ್ಡದ ಕೋಟೆಯ ಗೆರೆಚಿತ್ರ. ಅಪ್ಪ ಅಂಗಡಿ ಇಟ್ಟ ದಿನದಿಂದ ನಡೆದು ಬಂದ ಗುರುತು ಅದು.

ಮೊದಲೆಲ್ಲ ನಮ್ಮ ಮಾಲು ಮುಂಬೈ ವ್ಯಾಪಾರಿಯ ಕೈಯಿಂದ ದುಬೈಗೆ ಹೋಗುತ್ತಿತ್ತು. ಆಮೇಲೆ ಅಲ್ಲಿಯ ಒಬ್ಬ ಪಾರ್ಟಿ ನೇರವಾಗಿ ನಮ್ಮಿಂದಲೇ ತರಿಸಿಕೊಳ್ಳತೊಡಗಿದರು. ಮೂರನೇ ಆರ್ಡರಿನ ಹೊತ್ತಿಗೆ ಫೋನ್ ಮಾಡಿ, "ನಿಮ್ಮ ಬ್ರ್ಯಾಂಡನ್ನು ಇಲ್ಲಿ ನನ್ನ ಹೆಸರಿನಲ್ಲೇ ರಿಜಿಸ್ಟರ್ ಮಾಡಿಸಿಬಿಡ್ತೀನಿ, ನಿಮಗ್ಯಾಕೆ ಓಡಾಟ" ಎಂದರು. ನನಗೆ ಖುಷಿಯೇ ಆಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಅವನ ಹೆಸರಿಗೆ ಆದ್ಮೇಲೆ, ಅವನು ಬೇರೆ ಕಡೆ ಹೊಲಿಸಿ ಇದೇ ಪಟ್ಟಿ ಹಚ್ಚಿದ್ರೆ ನೀನೇನು ಮಾಡ್ತೀಯಪ್ಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟೇ ಅಲ್ಲ, ಅವರ ಹೆಸರಿನಲ್ಲಿ ನೋಂದಣಿ ಆದರೆ ನಮ್ಮ ಮಾಲನ್ನೇ ಅಲ್ಲಿ ತಡೆಹಿಡಿಸಬಹುದು ಎಂದು ಆಮೇಲೆ ಗೊತ್ತಾಯಿತು.

ನಮ್ಮ ದೇಶದಲ್ಲಿ ಆ ಗುರುತಿಗೆ ಟ್ರೇಡ್‌ಮಾರ್ಕ್ ನೋಂದಣಿ ಇತ್ತು. ಬಟ್ಟೆ, ಚಪ್ಪಲಿ, ಟೋಪಿಗಳೆಲ್ಲ ಬರುವ 25ನೇ ಕ್ಲಾಸಿನಲ್ಲಿ, ಚೆನ್ನೈ ಕಚೇರಿಯಲ್ಲಿ. ಕರ್ನಾಟಕಕ್ಕೆ ಅದೇ ಕಚೇರಿ. ಆ ಸರ್ಟಿಫಿಕೇಟ್ ಇದ್ದರೆ ಎಲ್ಲಾ ಕಡೆ ನಡೆಯುತ್ತದೆ ಅಂದುಕೊಂಡಿದ್ದೆ. ನಡೆಯೋದಿಲ್ಲ. ಹೆಸರು, ಗುರುತಿಗೆ ಸಿಗುವ ಟ್ರೇಡ್‌ಮಾರ್ಕ್ ಆಗಲಿ, ವಸ್ತುವಿನ ಹೊರ ಆಕಾರಕ್ಕೆ ಸಿಗುವ ಡಿಸೈನ್ ಆಗಲಿ, ಹೊಸದಾಗಿ ಕಂಡುಹಿಡಿದದ್ದಕ್ಕೆ ಸಿಗುವ ಪೇಟೆಂಟ್ ಆಗಲಿ, ಯಾವ ದೇಶದಲ್ಲಿ ಬೇಕೋ ಆ ದೇಶದಲ್ಲೇ ಹಕ್ಕು ಪಡೆಯಬೇಕು.

ಟ್ರೇಡ್‌ಮಾರ್ಕಿಗೆ ಎರಡು ದಾರಿ. ಒಂದು, ಆ ದೇಶದ ಏಜೆಂಟರನ್ನು ಹಿಡಿದು ನೇರ ಅರ್ಜಿ. ಇನ್ನೊಂದು ಮ್ಯಾಡ್ರಿಡ್ ವ್ಯವಸ್ಥೆ. ಇಲ್ಲಿಂದಲೇ ಒಂದು ಅರ್ಜಿ ಹಾಕಿ ಬೇಕಾದ ದೇಶಗಳನ್ನು ಆರಿಸಿಕೊಳ್ಳಬಹುದು. ಭಾರತ ಇದಕ್ಕೆ 2013ರ ಜುಲೈ 8ರಂದು ಸೇರಿತು, ದುಬೈ ಇರುವ ದೇಶವಾದ ಯುಎಇ 2021ರ ಡಿಸೆಂಬರ್ 28ರಂದು. ಎರಡೂ ಒಳಗಿದ್ದುದರಿಂದ ನನಗೆ ಮ್ಯಾಡ್ರಿಡ್ ಸಾಕಾಯಿತು.

ಇದಕ್ಕೆ ಎಂಎಂ2 ಎಂಬ ಫಾರಂ. ನಮ್ಮ ಟ್ರೇಡ್‌ಮಾರ್ಕ್ ಕಚೇರಿಯ ಆನ್‌ಲೈನ್ ವ್ಯವಸ್ಥೆಯಲ್ಲೇ ತುಂಬಬೇಕು. ನಮ್ಮ ಕಚೇರಿಗೆ 5,000 ರೂಪಾಯಿ. ಮ್ಯಾಡ್ರಿಡ್ ವ್ಯವಸ್ಥೆ ನಡೆಸುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ, ಅಂದರೆ ವೈಪೋದ, ಜಿನೀವಾ ಕಚೇರಿಗೆ ಬೇರೆ: ಕಪ್ಪು ಬಿಳುಪಿನ ಗುರುತಾದರೆ ಮೂಲ ಶುಲ್ಕ 653 ಸ್ವಿಸ್ ಫ್ರಾಂಕ್, ಬಣ್ಣದ್ದಾದರೆ 903. ಅದರ ಮೇಲೆ ಆರಿಸಿಕೊಂಡ ಒಂದೊಂದು ದೇಶಕ್ಕೂ ಶುಲ್ಕ ಸೇರುತ್ತದೆ. ವೈಪೋ ಜಾಲತಾಣದಲ್ಲಿ ಲೆಕ್ಕ ಹಾಕುವ ಸೌಲಭ್ಯವಿದೆ, ಮೊದಲೇ ನೋಡಿಕೊಳ್ಳಿ. ಅಪ್ಪ ಇಲ್ಲಿ ಕಪ್ಪು ಬಿಳುಪಿನಲ್ಲೇ ಮಾಡಿಸಿದ್ದರು. ಅದರಿಂದ ನಮಗೆ 250 ಫ್ರಾಂಕ್ ಉಳಿಯಿತು.

ಅರ್ಜಿಗೆ ಮುಂಚೆ ವೈಪೋದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಹುಡುಕಿದೆ. ಅದಕ್ಕೆ ದುಡ್ಡು ಬೇಡ. ಅಜ್ಜಿಯ ಹೆಸರನ್ನು ನಾಲ್ಕೈದು ಸ್ಪೆಲ್ಲಿಂಗಿನಲ್ಲಿ ಹಾಕಿ ನೋಡಿದೆ. ಬಟ್ಟೆಯಲ್ಲಿ ಯಾರೂ ಇರಲಿಲ್ಲ.

ನಾನು ಎಡವಿದ್ದು ಮಾಲೀಕರ ಹೆಸರಿನಲ್ಲಿ. ಇಲ್ಲಿಯ ನೋಂದಣಿ ಅಪ್ಪನ ಹೆಸರಿನಲ್ಲಿದೆ. ರಫ್ತಿನ ಕೋಡ್, ಬ್ಯಾಂಕ್ ಖಾತೆ ಎಲ್ಲಾ ನನ್ನ ಹೆಸರಿನಲ್ಲಿ. ನಾನು ಫಾರಮಿನಲ್ಲಿ ನನ್ನ ಹೆಸರು ಬರೆದಿದ್ದೆ. ವಕೀಲರು ನೋಡಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು. ಇಲ್ಲಿ ಯಾರು ಮಾಲೀಕರೋ ಅವರೇ ಅಲ್ಲೂ ಅರ್ಜಿದಾರರಾಗಬೇಕು. ಗುರುತೂ ಗೆರೆ ತಪ್ಪದೆ ಅದೇ ಇರಬೇಕು. ನನ್ನ ಹೆಸರಿಗೆ ವರ್ಗ ಮಾಡಿಸಿಕೊಳ್ಳಬಹುದು, ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಆ ಪಾರ್ಟಿ ಅರ್ಜಿ ಹಾಕಿದರೆ? ಕೊನೆಗೆ ಅಪ್ಪನ ಹೆಸರಿನಲ್ಲೇ ಹಾಕಿದೆವು. ಅಪ್ಪ ಕನ್ನಡಕ ಏರಿಸಿ, ಒಂದೊಂದು ಅಕ್ಷರ ಕೂಡಿಸುತ್ತಾ ಇಂಗ್ಲಿಷಿನಲ್ಲಿ ಸಹಿ ಮಾಡಿದರು.

ಗುರುತು ಅದೇ ಇರಬೇಕು ಅನ್ನುವುದರಿಂದ ಇನ್ನೊಂದು ತೊಡಕು. ಅರಬಿ ಲಿಪಿಯಲ್ಲೂ ಹೆಸರು ಹಾಕಿಸಬೇಕು ಅಂತ ಆಸೆ ಇತ್ತು. ಇಲ್ಲಿ ಅರಬಿ ಲಿಪಿಯ ಅರ್ಜಿ ಇಲ್ಲದೆ ಮ್ಯಾಡ್ರಿಡ್‌ನಲ್ಲಿ ಅದು ಆಗೋದಿಲ್ಲ. ಅದನ್ನು ಈಗ ಬೇರೆಯಾಗಿ ಹಾಕಿದ್ದೇನೆ.

ಎರಡು ತಿಂಗಳ ಮೇಲೆ ವೈಪೋದಿಂದ ಆಕ್ಷೇಪ ಬಂತು. "ರೆಡಿಮೇಡ್ ಗಾರ್ಮೆಂಟ್ಸ್ ಮತ್ತು ಈ ಕ್ಲಾಸಿನ ಎಲ್ಲಾ ಸರಕು" ಎಂದು ಬರೆದಿದ್ದೆವು. ಯಾವ ಸರಕು ಅಂತ ಸ್ಪಷ್ಟ ಇಲ್ಲ ಎಂದರು. ಮೂರು ತಿಂಗಳ ಗಡುವು, ಉತ್ತರ ನಮ್ಮ ಕಚೇರಿಯ ಮೂಲಕವೇ ಹೋಗಬೇಕು. ಜೀನ್ಸ್, ಪ್ಯಾಂಟ್, ಜಾಕೆಟ್, ಶರ್ಟ್ ಎಂದು ಬಿಡಿಬಿಡಿಯಾಗಿ ಬರೆದು ಕಳಿಸಿದೆವು. ಬ್ಯಾಂಕಿನಿಂದ ಕಳಿಸಿದ ಹಣದಲ್ಲೂ ಸ್ವಲ್ಪ ಕಡಿಮೆ ಬಿತ್ತು, ನಡುವಿನ ಬ್ಯಾಂಕ್ ಕಮಿಷನ್ ಹಿಡಿದಿತ್ತು. ಹಣ ಕಳಿಸುವಾಗಲೇ ಎಲ್ಲಾ ಖರ್ಚು ನಮ್ಮ ಮೇಲೆ ಅಂತ ಫಾರಮಿನಲ್ಲಿ ಗುರುತು ಹಾಕಿ.

ಜಿನೀವಾದಲ್ಲಿ ದಾಖಲಾದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ. ಆಯಾ ದೇಶದವರು ತಮ್ಮ ಕಾನೂನಿನಂತೆ ನೋಡುತ್ತಾರೆ. ಬೇಡ ಅನ್ನಲು ಅವರಿಗೆ ದೇಶಕ್ಕೆ ತಕ್ಕಂತೆ 12 ಇಲ್ಲವೇ 18 ತಿಂಗಳು ಸಮಯ. ಆ ಅವಧಿಯಲ್ಲಿ ಲೇಬಲ್ ಮೇಲಿನ ವೃತ್ತದೊಳಗಿನ ಆರ್ ಅಕ್ಷರ ತೆಗೆಸಿ ಟಿಎಂ, ಅಂದರೆ ಬರೀ ಟ್ರೇಡ್‌ಮಾರ್ಕ್ ಅಂತ ಹಾಕಿಸಿದೆ. ನೋಂದಣಿ ಆಗದ ದೇಶಕ್ಕೆ ಆ ಆರ್ ಹಾಕಿ ಕಳಿಸಬಾರದು. ಪಾರ್ಟಿಗೆ ಒಂದು ಪುಟದ ಕರಾರು ಕಳಿಸಿದೆ: ಹೆಸರು ನಮ್ಮದು, ನೀವು ಮಾರಾಟಗಾರರು. ಹತ್ತು ದಿನ ಸುಮ್ಮನಿದ್ದು ಸಹಿ ಹಾಕಿದರು.

ಮೊದಲ ಐದು ವರ್ಷ ಹೊರದೇಶದ ನೋಂದಣಿ ನಮ್ಮ ಇಲ್ಲಿಯ ನೋಂದಣಿಯ ಮೇಲೇ ನಿಂತಿರುತ್ತದೆ. ಇಲ್ಲಿ ಬಿದ್ದರೆ ಅಲ್ಲೂ ಬೀಳುತ್ತದೆ. ಅದಕ್ಕೇ ಹತ್ತು ವರ್ಷಕ್ಕೊಮ್ಮೆ ಬರುವ ನವೀಕರಣದ ತಾರೀಕನ್ನು ಕಟಿಂಗ್ ಟೇಬಲ್ ಮೇಲಿನ ಗೋಡೆಗೆ ದೊಡ್ಡದಾಗಿ ಬರೆದಿದ್ದೇನೆ.

ಡಿಸೈನ್ ವಿಷಯದಲ್ಲಿ ಮಾತ್ರ ನಾನು ಸೋತೆ. ಹಿಂದಿನ ಜೇಬಿಗೆ ಓರೆಯಾದ ಮುಚ್ಚಳ ಇಟ್ಟು ಹೊಸ ಆಕಾರ ಮಾಡಿದ್ದೆ. ಸ್ಯಾಂಪಲ್ ಚೆನ್ನಾಗಿ ಬಂತು ಅಂತ ಅದೇ ದಿನ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಡಿಸೈನ್ ಅರ್ಜಿಗೆ ಮುಂಚೆ ಎಲ್ಲೂ ಬಹಿರಂಗ ಆಗಿರಬಾರದು. ಹೊಸತನ ಅಲ್ಲಿಗೇ ಹೋಯಿತು. ಇಂದಿಗೂ ಅದು ನನಗೆ ಬೇಸರ. ಡಿಸೈನಿಗೆ ಮ್ಯಾಡ್ರಿಡ್ ಥರ ಹೇಗ್ ಎಂಬ ವ್ಯವಸ್ಥೆ ಇದೆ, ಆದರೆ ನಾನು ವಿಚಾರಿಸಿದಾಗ ಭಾರತ ಅದರಲ್ಲಿ ಇರಲಿಲ್ಲ. ಮೊದಲು ಇಲ್ಲಿ ಅರ್ಜಿ ಹಾಕಿ, ಆರು ತಿಂಗಳೊಳಗೆ ಒಂದೊಂದು ದೇಶದಲ್ಲೂ ಬೇರೆ ಬೇರೆ ಹಾಕಬೇಕು. ದೇಶದೇಶಗಳ ನಡುವಿನ ಪ್ಯಾರಿಸ್ ಒಪ್ಪಂದದ ಪ್ರಕಾರ ಆಗ ಇಲ್ಲಿಯ ತಾರೀಕೇ ಅಲ್ಲೂ ಲೆಕ್ಕಕ್ಕೆ ಬರುತ್ತದೆ. ಪೇಟೆಂಟಿಗೆ ಆ ಗಡುವು 12 ತಿಂಗಳು.

ಪೇಟೆಂಟ್ ನನಗೆ ಬೇಕಾಗಲಿಲ್ಲ. ವಾಶಿಂಗ್ ಯೂನಿಟ್ ನಡೆಸುವ ಗೆಳೆಯನೊಬ್ಬ ನೀರು ಸೋಸುವ ಹೊಸ ಉಪಾಯ ಕಂಡುಕೊಂಡಿದ್ದಾನೆ. ಅವನಿಗೆ ವಕೀಲರು ಹೇಳಿದ ಮಾತು: ಮೊದಲು ಇಲ್ಲಿ ಹಾಕಿ ಆರು ವಾರ ಕಾಯಿ, ಇಲ್ಲವೇ ಪೇಟೆಂಟ್ ಕಚೇರಿಯ ಅನುಮತಿ ತಗೋ, ಆಮೇಲೇ ಹೊರದೇಶ.

ಪೇಟೆಂಟಿಗೂ ಟ್ರೇಡ್‌ಮಾರ್ಕಿಗೂ ಇರುವ ಫರಕು ನಮ್ಮ ಕೈಯಲ್ಲಿರುವ ಪ್ಯಾಂಟಿನಲ್ಲೇ ಇದೆ. ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ರಿವೆಟ್‌ಗೆ ಜೇಕಬ್ ಡೇವಿಸ್ ಎಂಬ ಟೈಲರ್ ಮತ್ತು ಲೀವೈಸ್ ಕಂಪನಿಯ ಲೆವಿ ಸ್ಟ್ರಾಸ್ 1873ರ ಮೇ 20ರಂದು ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಹದಿನೇಳು ವರ್ಷಕ್ಕೆ ಅದು ಮುಗಿಯಿತು. ಇಂದು ನಾವೂ ರಿವೆಟ್ ಹೊಡೆಯುತ್ತೇವೆ, ಯಾರೂ ಕೇಳೋದಿಲ್ಲ. ಆದರೆ ಲೀವೈಸ್ ಪ್ಯಾಂಟಿನ ಹಿಂದಿನ ಜೇಬಿನ ಜೋಡಿ ಕಮಾನಿನ ಹೊಲಿಗೆ 1943ರಲ್ಲಿ ಅಲ್ಲಿ ಟ್ರೇಡ್‌ಮಾರ್ಕ್ ಆಯಿತು, ಅದು ಇಂದಿಗೂ ಆ ಕಂಪನಿಯದೇ. ನಮ್ಮ ಟೈಲರ್‌ಗಳಿಗೆ ಆ ಕಮಾನು ಹೊಲಿಯಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಹದಿಮೂರನೇ ತಿಂಗಳು ಯುಎಇ ಒಪ್ಪಿಗೆ ಬಂತು. ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಅವರು ಅದರಲ್ಲಿದ್ದ ಕೋಟೆಯ ಚಿತ್ರದ ಮೇಲೆ ಬೆರಳಾಡಿಸಿ, ಅಜ್ಜಿಯ ಫೋಟೋದ ಕೆಳಗೆ ಇಟ್ಟರು.

ಈಗ ನೇಪಾಳದ ಬೀರ್‌ಗಂಜ್‌ನಿಂದ ಒಬ್ಬರು 200 ಪೀಸ್ ಕೇಳಿದ್ದಾರೆ. ನಾನು ನೋಡಿದಾಗ ನೇಪಾಳ ಮ್ಯಾಡ್ರಿಡ್‌ನಲ್ಲಿ ಇರಲಿಲ್ಲ, ಅಲ್ಲಿಯ ವಕೀಲರ ಮೂಲಕ ನೇರ ಅರ್ಜಿಯೇ ಗತಿ. ಕಾಗದ ಕಳಿಸಿದ್ದೇನೆ. ಅರ್ಜಿ ನಂಬರ್ ಬರುವ ತನಕ ಆ 200 ಪೀಸ್ ಗೋದಾಮಿನಲ್ಲೇ ಇರುತ್ತವೆ.