ಕರೆಂಟ್ ಹರಿಸಿ ಲೋಹದ ಮೇಲೆ ತಾಮ್ರದ ಲೇಪ ಕೂರಿಸೋಕೆ ಎಷ್ಟು ವೋಲ್ಟ್ ಕೊಡಬೇಕು? ಮನೇಲೇ ಮಾಡಿ ನೋಡಿ

ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯೋರ ಮನೇಲಿ ಮೈಲುತುತ್ತ ಇದ್ದೇ ಇರತ್ತೆ, ಕಾಪರ್ ಸಲ್ಫೇಟ್ ಅಂದ್ರೆ ಅದೇ. 40 ಗ್ರಾಂ ತಗೊಂಡು 200 ಎಂಎಲ್ ಡಿಸ್ಟಿಲ್ಡ್ ವಾಟರಲ್ಲಿ (ಬ್ಯಾಟರಿಗೆ ಹಾಕ್ತಾರಲ್ಲ, ಅದು) ಕರಗಿಸಿ. ಹಳೇ ಗಾಜಿನ ಬಾಟ್ಲಿ ಸಾಕು, ಆದ್ರೆ ಅದು ಮತ್ತೆ ಅಡುಗೆಮನೆಗೆ ಹೋಗಬಾರದು, ಮೈಲುತುತ್ತ ವಿಷ. ಗ್ಲೌಸ್ ಹಾಕೊಳ್ಳಿ.

ಎರಡು ತಾಮ್ರದ ಪಟ್ಟಿ ಬೇಕು. ಹುಣಸೆಹಣ್ಣಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ, ಕೈಯ ಜಿಡ್ಡು ಇದ್ದಲ್ಲಿ ತಾಮ್ರ ಕಚ್ಚಲ್ಲ. ಎರಡನ್ನೂ ತೂಕ ಮಾಡಿ ಬರ್ಕೊಳ್ಳಿ, 0.01 ಗ್ರಾಂ ತೋರ್ಸೋ ಚಿಕ್ಕ ತಕ್ಕಡಿ ಬೇಕು. ಒಂದಕ್ಕೊಂದು ತಾಗದ ಹಾಗೆ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಎದುರುಬದುರು ಇಳಿಬಿಡಿ. ಲೇಪ ಬೇಕಾದ ಪಟ್ಟಿಗೆ ಸೆಲ್ಲಿನ ಮೈನಸ್, ಇನ್ನೊಂದಕ್ಕೆ ಪ್ಲಸ್, ಮಧ್ಯದಲ್ಲಿ ಮಲ್ಟಿಮೀಟರನ್ನ ಕರೆಂಟ್ ಅಳೆಯೋ ಹಾಗೆ ಸೀರೀಸಲ್ಲಿ ಹಾಕಿ.

ಮೊದಲು ಒಂದೇ 1.5 ವೋಲ್ಟ್ ಸೆಲ್. ಅರ್ಧ ಗಂಟೆ ಬಿಡಿ. ಎರಡೂ ಕಡೆ ತಾಮ್ರವೇ ಇರೋದ್ರಿಂದ ಇಷ್ಟು ಕಮ್ಮಿ ವೋಲ್ಟೇಜೇ ಧಾರಾಳ, ಪ್ಲಸ್ ಕಡೆ ಕರಗಿದ್ದು ಮೈನಸ್ ಕಡೆ ಬಂದು ಕೂರತ್ತೆ, ನೀಲಿ ಬಣ್ಣ ಹಾಗೇ ಉಳಿಯತ್ತೆ. ಪ್ಲಸ್ ಕಡೆ ಪೆನ್ಸಿಲ್ ಕಡ್ಡಿ ಇಟ್ರೆ ಕಥೆ ಬೇರೆ: ಅಲ್ಲಿ ನೀರು ಒಡೆದು ಆಕ್ಸಿಜನ್ ಬರಬೇಕು, ಅದಕ್ಕೆ ಒಂದು ಸೆಲ್ ಸಾಲದೇ ಹೋಗಬಹುದು, ನೀಲಿನೂ ಬರ್ತಾ ಬರ್ತಾ ತಿಳಿಯಾಗತ್ತೆ.

ಈಗ ಲೆಕ್ಕ. ಕೂರೋ ತೂಕ ನಿರ್ಧಾರ ಮಾಡೋದು ಕರೆಂಟು ಮತ್ತೆ ಸಮಯ, ವೋಲ್ಟೇಜ್ ನೇರವಾಗಿ ಅಲ್ಲ. 1 ಆಂಪಿಯರ್ ಒಂದು ಗಂಟೆ ಹರಿದ್ರೆ ಸುಮಾರು 1.19 ಗ್ರಾಂ ತಾಮ್ರ, ಫ್ಯಾರಡೆ ನಿಯಮ ಅಷ್ಟೇ. ಮೀಟರ್ 0.1 ಆಂಪಿಯರ್ ತೋರಿಸ್ತಿದ್ರೆ ಅರ್ಧ ಗಂಟೆಗೆ 0.06 ಗ್ರಾಂ ಆಗಬೇಕು, ಒಣಗಿಸಿ ತೂಗಿ ನೋಡಿ, ಹತ್ತಿರ ಹತ್ತಿರ ಬರತ್ತೆ, ಆ ಖುಷಿನೇ ಬೇರೆ.

ಆಮೇಲೆ ಬೇರೆ ಪಟ್ಟಿ ಹಾಕಿ 3 ವೋಲ್ಟ್, ಮತ್ತೊಂದಕ್ಕೆ 6 ವೋಲ್ಟ್ ಕೊಡಿ. ವೋಲ್ಟೇಜ್ ಏರಿದ ಹಾಗೆ ಕರೆಂಟೂ ಏರತ್ತೆ, ತಾಮ್ರ ಬೇಗ ಬೇಗ ಬರತ್ತೆ, ಆದ್ರೆ ಚೆನ್ನಾಗಿ ಕೂರಲ್ಲ. ಯಾಕಂದ್ರೆ ಪಟ್ಟಿಗೆ ಅಂಟಿಕೊಂಡಿರೋ ದ್ರಾವಣದ ತೆಳು ಪದರದಲ್ಲಿರೋ ತಾಮ್ರದ ಅಯಾನು (ಕರಗಿರೋ, ಚಾರ್ಜ್ ಇರೋ ಕಣ) ಖಾಲಿಯಾಗ್ತಾ ಇರತ್ತೆ, ಹಿಂದಿನಿಂದ ಹೊಸದು ಬರೋಕೆ ಟೈಮ್ ಸಿಗಲ್ಲ, ಇದ್ದ ಅಯಾನು ಮೂಲೆಗೆ ತುದಿಗೆ ನುಗ್ಗಿ ಅಲ್ಲಿ ಗಿಡದ ಕೊಂಬೆ ಥರ ಚಿಗುರು ಬೆಳೆಯತ್ತೆ, ಇನ್ನೂ ಏರಿಸಿದ್ರೆ ಹೈಡ್ರೋಜನ್ ಗುಳ್ಳೆನೂ ಶುರು. ನಾನು ಒಂದ್ಸಲ ಅವಸರಕ್ಕೆ ಹಿತ್ತಾಳೆ ಬೀಗದ ಕೈಗೆ 12 ವೋಲ್ಟ್ ಅಡಾಪ್ಟರ್ ಹಾಕಿದ್ದೆ, ಹತ್ತೇ ನಿಮಿಷಕ್ಕೆ ಕಾಫಿ ಚರಟದಂಥ ಕಂದು ಪುಡಿ, ಬೆರಳಲ್ಲಿ ಒರೆಸಿದ್ರೆ ಪೂರ್ತಿ ಉದುರಿ ಹೋಯ್ತು. ಅದೇ ಬೀಗದ ಕೈ ಉಜ್ಜಿ 1.5 ವೋಲ್ಟಲ್ಲಿ ಬಿಟ್ಟಾಗ ಗುಲಾಬಿ ಬಣ್ಣದ ನಯವಾದ ಪದರ ಬಂತು, ಉಗುರಲ್ಲಿ ಕೆರೆದ್ರೂ ಏಳಲಿಲ್ಲ.

ಹಾಗಾಗಿ ವೋಲ್ಟ್ ನೋಡೋದಕ್ಕಿಂತ, ಎದುರಿಗಿರೋ ಮುಖದ ಒಂದು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಆಸುಪಾಸು ಇರೋ ಹಾಗೆ ನೋಡ್ಕೊಳ್ಳಿ. ಜಾಸ್ತಿ ಬಂದ್ರೆ ಪಟ್ಟಿಗಳನ್ನ ದೂರ ಸರಿಸಿ, ಇಲ್ಲಾ ದ್ರಾವಣ ಮೆಲ್ಲಗೆ ಕಲಕ್ತಾ ಇರಿ, ಕರೆಂಟ್ ಕಮ್ಮಿ ಆಗದಿದ್ರೂ ಪಟ್ಟಿ ಹತ್ರ ಹೊಸ ಅಯಾನು ಬರ್ತಾ ಇರತ್ತೆ.

ಕಬ್ಬಿಣದ ಮೊಳೆ ಬಳಸಬೇಡಿ, ಕರೆಂಟ್ ಇಲ್ದೇನೇ ಅದರ ಮೇಲೆ ಸಡಿಲವಾದ ತಾಮ್ರ ಕೂತುಬಿಡತ್ತೆ, ವೋಲ್ಟೇಜಿನ ಪರಿಣಾಮ ಗೊತ್ತೇ ಆಗಲ್ಲ. ಅಡುಗೆ ಉಪ್ಪೂ ಸೇರಿಸಬೇಡಿ, ಕ್ಲೋರಿನ್ ಬರಬಹುದು. ಮಿಕ್ಕ ದ್ರಾವಣ ಬಾವಿ, ಕೆರೆ ಕಡೆ ಚೆಲ್ಲಬೇಡಿ, ಮೀನು ಸಾಯತ್ತೆ. ಮುಚ್ಚಳ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ, ಮುಂದಿನ ಸಲಕ್ಕೂ ಬರತ್ತೆ.