ಹೆಜ್ಜೇನಿನ ಹಳದಿ ಕಲೆಗೆ ಬಿಸಿನೀರು: ನನ್ನ ಅನುಭವ

ಬಿಳಿ ಕಾರಿನ ಮೇಲೆ ಕೂತ ಹೆಜ್ಜೇನಿನ ಹಳದಿ ಹಿಕ್ಕೆ ಬಿಸಿನೀರಿಗೆ ಹೋಗುತ್ತದೆ. ಬಣ್ಣದ ಮೇಲ್ಮೈ ಸವೆಸಿ ಹೊಳಪು ಕೊಡುವ ಕಾಂಪೌಂಡ್ ಪೇಸ್ಟು ಬೇಡ, ಪೆಟ್ರೋಲ್ ಬೇಡ, ಉಗುರಿನಿಂದ ಕೆರೆಯುವುದಂತೂ ಬೇಡವೇ ಬೇಡ. ನಾನು ಈ ಮಾತು ಹೇಳಿದಾಗ ನಮ್ಮ ರಸ್ತೆಯ ಪೇಂಟರ್ ನಕ್ಕುಬಿಟ್ಟರು. "ಹಾಕಿ ಸ್ವಾಮಿ, ಬಣ್ಣ ಎದ್ದ ಮೇಲೆ ಗಾಡಿ ನನ್ನ ಹತ್ತಿರವೇ ಬರಬೇಕಲ್ಲ" ಎಂದರು. ಈಗ ಅವರೇ ತಮ್ಮ ಗಿರಾಕಿಗಳನ್ನು ನನ್ನ ಶೆಡ್ಡಿಗೆ ಕಳುಹಿಸುತ್ತಿದ್ದಾರೆ.

ನನ್ನದು ಬೆಂಗಳೂರಿನ ಹೊರವಲಯದಲ್ಲಿ ಕಾರು ತೊಳೆಯುವ ಕೆಲಸ. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು. ಬಾಲ್ಕನಿಯ ಸ್ಲ್ಯಾಬಿನಡಿ, ನೀರಿನ ಟ್ಯಾಂಕಿನಡಿ ಹೆಜ್ಜೇನಿನ ತಟ್ಟಿಗಳು. ಸಂಜೆ ಹೊತ್ತಿಗೆ ಹುಳುಗಳು ಗುಂಪಾಗಿ ಎದ್ದು ಒಂದು ಸುತ್ತು ಹಾರಿ ಹಗುರಾಗುತ್ತವೆ. ಕೆಳಗೆ ನಿಂತ ಕಾರುಗಳಿಗೆ ಸಾಸಿವೆ ಬಣ್ಣದ ಹನಿಗಳ ಅಭಿಷೇಕ. ಮರುದಿನವೇ ತೊಳೆದರೆ ತೊಂದರೆಯಿಲ್ಲ. ಇಬ್ಬನಿ ಬಿದ್ದು, ಒಣಗಿ, ವಾರ ಕಳೆದರೆ ಕಥೆ ಬೇರೆ. ಪ್ರೆಷರ್ ವಾಷರ್ ಹಿಡಿದರೆ ಮೇಲಿನ ಹಕ್ಕಳೆ ಹಾರುತ್ತದೆ, ಅಡಿಯ ಹಳದಿ ನೆರಳು ಉಳಿಯುತ್ತದೆ. ಗಿರಾಕಿ ದುಡ್ಡು ಕೊಡುವಾಗ ಮುಖ ಸಿಂಡರಿಸುವುದು ಆ ನೆರಳಿಗೇ.

ಈ ಹಿಕ್ಕೆ ಹೆಚ್ಚುಕಡಿಮೆ ಪೂರ್ತಿ ಪರಾಗದ ಸಿಪ್ಪೆ. ಆ ಸಿಪ್ಪೆ ಸೋಪಿಗೂ ಜಗ್ಗದು, ಆಮ್ಲಕ್ಕೂ ಜಗ್ಗದು. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಆಗ್ನೇಯ ಏಷ್ಯಾದಲ್ಲಿ ಬಿದ್ದ 'ಹಳದಿ ಮಳೆ' ಸೋವಿಯತ್ ಬೆಂಬಲದ ವಿಷಾಸ್ತ್ರವೆಂದು ಆರೋಪಿಸಿದ್ದರು. ಹಾರ್ವರ್ಡ್‌ನ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು ಅದರ ಮಾದರಿಗಳನ್ನು ನೋಡಿ, ಇದು ಜೇನಿನ ಹಿಕ್ಕೆ ಎಂದರು. ದೊಡ್ಡ ಸರ್ಕಾರಗಳೇ ಬೆದರಿದ ಕಲೆ ಎಂದು ಗಿರಾಕಿಗಳಿಗೆ ಈ ಕಥೆ ಹೇಳುತ್ತೇನೆ; ರೇಟು ಕೇಳಿ ಗೊಣಗುವುದು ಸ್ವಲ್ಪ ಕಡಿಮೆಯಾಗುತ್ತದೆ.

ಪ್ರಯೋಗಕ್ಕೆಂದು ಗುಜರಿಯಿಂದ ಒಂದು ಬಿಳಿ ಬಾಗಿಲು ತಂದೆ, ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟಿದ್ದೆ. ಅದನ್ನು ಒಂದು ತಟ್ಟಿಯ ಕೆಳಗೆ ಇಟ್ಟು ಬಂದೆ. ಅಲ್ಲಿನ ಕಾವಲುಗಾರ ಇಂದಿಗೂ ನನ್ನನ್ನು ಅನುಮಾನದಿಂದಲೇ ನೋಡುತ್ತಾನೆ. ಬಾಗಿಲು ಚೆನ್ನಾಗಿ ಹಳದಿಯಾದ ಮೇಲೆ ಅದಕ್ಕೆ ಟೇಪು ಅಂಟಿಸಿ ಚೌಕಗಳಾಗಿ ಹಂಚಿದೆ. ವಿನೆಗರ್ ಚೌಕದಲ್ಲಿ ಏನೂ ಆಗಲಿಲ್ಲ. ಅದು ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಸರಿ, ಇದಕ್ಕಲ್ಲ. ಅಡುಗೆ ಸೋಡಾ ಕಲೆಯನ್ನು ಬಿಟ್ಟು ಹೊಳಪನ್ನು ತೆಗೆಯಿತು. ಸೀಮೆಎಣ್ಣೆ, ಟಾರು ತೆಗೆಯುವ ಸ್ಪ್ರೇ ಎರಡೂ ದಂಡ. ಬಣ್ಣದ ಮೇಲೆ ಉಜ್ಜಿ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಕ್ಲೇ ಬಾರ್, ಅರ್ಧ ತೆಗೆಯಿತು, ಆದರೆ ಹಿಕ್ಕೆಯ ಜೊತೆ ಕೂತ ಧೂಳು ಕ್ಲೇಯೊಳಗೆ ಸೇರಿ ಗೀರು ಬಿತ್ತು. ನಾನೂರು ರೂಪಾಯಿಯ ಕ್ಲೇ ಎರಡು ಬಾಗಿಲಿಗೆ ಮುಗಿದರೆ ಉಳಿಯುವುದೇನು? ಕಾಂಪೌಂಡ್ ಹಾಕಿ ಮೆಷಿನ್ ಹಿಡಿದರೆ ಖಂಡಿತ ಹೋಗುತ್ತದೆ. ಆದರೆ ಅದು ಸವೆಸುವ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದೇ ಸುಮಾರು ನಲವತ್ತು, ಐವತ್ತು ಮೈಕ್ರಾನ್. ಜೇನು ಪ್ರತಿ ವರ್ಷ ಅದೇ ಜಾಗಕ್ಕೆ ಬರುತ್ತದೆ, ನಾವೂ ಪ್ರತಿ ವರ್ಷ ಉಜ್ಜುತ್ತಾ ಹೋದರೆ ಕಾರಿನ ಮೇಲೆ ಏನುಳಿಯುತ್ತದೆ?

ಸುಳಿವು ಸಿಕ್ಕಿದ್ದು ಒಂದು ಟ್ಯಾಕ್ಸಿಯಿಂದ. ದಿನವಿಡೀ ಓಡುವ ಗಾಡಿ. ಬಾಗಿಲು, ಡಿಕ್ಕಿ ಎಲ್ಲ ಹಳದಿ, ಬಾನೆಟ್ ಮಾತ್ರ ಹೆಚ್ಚುಕಡಿಮೆ ಬೆಳ್ಳಗಿತ್ತು. ಓಡಿಸದೆ ನಿಲ್ಲಿಸಿದ್ದ ಪಕ್ಕದ ಕಾರಿನಲ್ಲಿ ಬಾನೆಟ್ಟೂ ಹಳದಿಯೇ. ಇಂಜಿನ್ನಿನ ಕಾವಲ್ಲದೆ ಬೇರೇನೂ ನನಗೆ ತೋಚಲಿಲ್ಲ. ಏಪ್ರಿಲ್ ಬಿಸಿಲಿಗೆ ನಿಂತ ಕಾರುಗಳ ಟಾಪ್ ತಾನಾಗಿಯೇ ತಿಳಿಯಾಗುವುದನ್ನೂ ಆಮೇಲೆ ಗಮನಿಸಿದೆ.

ಕ್ರಮ ಹೀಗೆ. ಮೊದಲು ಎಂದಿನಂತೆ ಶಾಂಪೂ ಹಾಕಿ ಧೂಳು ತೆಗೆಯಿರಿ. ಎರಡು ಪಾಲು ಕುದಿನೀರಿಗೆ ಒಂದು ಪಾಲು ನಲ್ಲಿ ನೀರು ಬೆರೆಸಿದರೆ ಎಪ್ಪತ್ತೈದು ಡಿಗ್ರಿಯ ಆಸುಪಾಸು ಬರುತ್ತದೆ. ದಪ್ಪ ಟವೆಲ್ಲನ್ನು ಅದ್ದಿ, ರಬ್ಬರ್ ಗವಸು ಹಾಕಿಕೊಂಡು ಹಗುರಾಗಿ ಹಿಂಡಿ ಕಲೆಯ ಮೇಲೆ ಹಾಸಿ. ತಗಡು ಕಾವನ್ನು ಬೇಗ ಹೀರುತ್ತದೆ, ಎರಡು ನಿಮಿಷಕ್ಕೆ ಟವೆಲ್ ಬೆಚ್ಚಗಾಗಿ ಕೂತುಬಿಡುತ್ತದೆ. ಎಲ್ಲರೂ ಕೈಬಿಡುವುದು ಇಲ್ಲೇ: ಒಂದು ಸಲ ಹಾಸಿ, ಹೋಗಲಿಲ್ಲ ಎನ್ನುತ್ತಾರೆ. ಟವೆಲ್ ಬದಲಿಸುತ್ತಲೇ ಇರಬೇಕು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು. ನಾಲ್ಕೈದು ಸಲ ಬದಲಿಸಿದರೆ ಹಳದಿ ಮಾಯವಾಗುತ್ತದೆ, ಕೊನೆಯಲ್ಲಿ ಮೈಕ್ರೋಫೈಬರ್‌ನಿಂದ ಒತ್ತದೆ ಒರೆಸಿದರೆ ಸಾಕು. ನಾನು ಆ ನೀರಿಗೆ ಒಂದು ಚಮಚ ಇನ್ನೊಂದು ವಸ್ತು ಹಾಕುತ್ತೇನೆ, ಆಗ ಮೂರು ಸಲ ಬದಲಿಸಿದರೆ ಸಾಕಾಗುತ್ತದೆ. ಅದೇನೆಂದು ಹೇಳುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕು.

ಪೇಂಟರಿಗೆ ನಾನು ಕೊಟ್ಟ ಉತ್ತರವನ್ನೂ ಬರೆಯುತ್ತೇನೆ. ಕಾರ್ಖಾನೆಯಲ್ಲಿ ಬಣ್ಣವನ್ನು 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿರುತ್ತಾರೆ, ಎಪ್ಪತ್ತೈದಕ್ಕೆ ಅದು ಅಲುಗುವುದಿಲ್ಲ. ಆದರೆ ಅವರ ಮಾತಿನಲ್ಲೂ ಹುರುಳಿದೆ. ಮತ್ತೆ ಬಳಿದ ಬಣ್ಣವನ್ನು ಗ್ಯಾರೇಜಿನ ಪೇಂಟ್ ಬೂತಿನಲ್ಲಿ ಒಣಗಿಸುವುದು ಅರವತ್ತು ಡಿಗ್ರಿಗೆ. ರಸ್ತೆಬದಿಯ ಕೆಲಸವಾದರೆ ಅದೂ ಇಲ್ಲ, ಬರೀ ಗಾಳಿ. ಹೊಸದಾಗಿ ಬಳಿಸಿದ ಪ್ಯಾನೆಲ್ಲಿಗೆ ನಾನು ಬಿಸಿ ಟವೆಲ್ ಇಡುವುದಿಲ್ಲ. ಪಾರದರ್ಶಕ ಫಿಲ್ಮ್ ಹಾಕಿಸಿದ ಕಾರಿಗೂ ಇಲ್ಲ, ಅಂಟು ಮೆತ್ತಗಾಗುತ್ತದೆ. ಚಳಿಗಾಲದ ಬೆಳಿಗ್ಗೆ ಗಾಜಿನ ಹತ್ತಿರವಂತೂ ಸುಳಿಯಬೇಡಿ, ಕಾಣದ ಸಣ್ಣ ಬಿರುಕಿದ್ದರೆ ವಿಂಡ್‌ಶೀಲ್ಡ್ ಉದ್ದಕ್ಕೂ ಸೀಳುತ್ತದೆ. ಗಾಜಿನ ಮೇಲಿನ ಹನಿಗೆ ಬ್ಲೇಡೇ ಸಾಕು.

ಖರ್ಚು ಕೇಳಿ ನಗುತ್ತೀರಿ. ಒಂದೂವರೆ ಲೀಟರಿನ ಎರಡು ಕೆಟಲ್, ತಲಾ ಎಂಟುನೂರರೊಳಗೆ. ಸಣ್ಣ ಕಾರಿಗೆ ಆರೇಳು ಕೆಟಲ್ ನೀರು, ಕರೆಂಟು ಒಂದು ಯೂನಿಟ್ಟಿನಷ್ಟು. ಒಬ್ಬ ಹುಡುಗನ ಒಂದೂವರೆ ಗಂಟೆ. ನಾನು ತೆಗೆದುಕೊಳ್ಳುವುದು ಆರುನೂರು, ದೊಡ್ಡ ಗಾಡಿಗೆ ಒಂಬೈನೂರು. ಇದೇ ಕೆಲಸಕ್ಕೆ ಕಾಂಪೌಂಡ್ ಹೊಡೆದರೆ ಎರಡೂವರೆ ಸಾವಿರ ಕೇಳಬೇಕಿತ್ತು, ಅರ್ಧ ದಿನವೂ ಹೋಗುತ್ತಿತ್ತು.

ಕೈ ಸುಮ್ಮನಿರದೆ ಬಾವಲಿಯ ಹಿಕ್ಕೆಗೂ ಇದನ್ನೇ ಮಾಡಿ ನೋಡಿದೆ. ಬೀಜ, ಅಂಟು ಎಲ್ಲ ಬಿಟ್ಟುಕೊಂಡವು. ನೇರಳೆ ಕಾಲದ ಊದಾ ಬಣ್ಣ ಮಾತ್ರ ಪೂರ್ತಿ ಹೋಗಲಿಲ್ಲ, ಉಳಿದದ್ದನ್ನು ಬಿಸಿಲಿಗೆ ಬಿಟ್ಟೆ. ಬಾಗಿಲ ಸಂದಿಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡಿಗೆ ಬಿಸಿಯೇ ಬೇಕಿಲ್ಲ, ತಣ್ಣೀರಿನಲ್ಲಿ ನೆನೆದರೆ ಕರಗುತ್ತದೆ. ಕಾಗೆ, ಪಾರಿವಾಳದ್ದು ಬಿಸಿಲಲ್ಲಿ ಒಣಗಿ ಕ್ಲಿಯರ್ ಕೋಟನ್ನೇ ತಿಂದಿದ್ದರೆ ಯಾವ ನೀರೂ ಕೆಲಸಕ್ಕೆ ಬಾರದು. ಅಲ್ಲಿರುವುದು ಕಲೆಯಲ್ಲ, ಗುಂಡಿ. ಅಂಥ ಗಾಡಿಗಳನ್ನು ನಾನು ಪೇಂಟರಿಗೆ ಕಳುಹಿಸುತ್ತೇನೆ. ಅವರು ಒಂದು ಪ್ಯಾನೆಲ್ಲಿಗೆ ಮೂರೂವರೆ ಸಾವಿರ ಹೇಳುತ್ತಾರೆ, ನನ್ನ ಹೆಸರು ಹೇಳಿದರೆ ಇನ್ನೂರು ಬಿಡುತ್ತಾರೆ.